ಸಬ್ಹಾನಿನಲ್ಲೊಂದು ಅಬ್ಬಿ

ಐರ್ಲೆಂಡಿಗೆ ಹೋಗಲು ನಮಗೆ ವೀಸಾ ಬೇಕಾಗಿರಲಿಲ್ಲ. ಕುವೈತಿನ ಸಬ್ಹಾನಿನಲ್ಲಿ ನಮ್ಮ ಕಂಪೆನಿಯ ದೊಡ್ಡ ಗೋಡೌನಿನ ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗಿದರೆ ಅದೇ ಐರ್ಲೆಂಡ್. ಹೊರಗೆ ಜುಲೈ ತಿಂಗಳ ಐವತ್ತು ಡಿಗ್ರಿ, ಒಳಗೆ ಹದಿನಾರು. ಹೊರಗೆ ಬೆವರು, ಒಳಗೆ ನೆಗಡಿ. ಬೇಸಗೆಯ ಮಧ್ಯಾಹ್ನ ಬಿಸಿಲಲ್ಲಿ ಜನರನ್ನು ದುಡಿಸಬಾರದು ಎಂಬ ಕಾನೂನು ಈ ದೇಶದಲ್ಲಿ ಉಂಟು. ಆದರೆ ಐರ್ಲೆಂಡಿನಲ್ಲಿ ಬಿಸಿಲೇ ಇಲ್ಲವಲ್ಲ. ಹಾಗಾಗಿ ನಮಗೆ ಮಧ್ಯಾಹ್ನದ ವಿರಾಮವೂ ಇರಲಿಲ್ಲ.

ನಾನು ಕ್ಲೆಮೆಂಟ್. ಕಿನ್ನಿಗೋಳಿಯವನು, ಈ ಗೋಡೌನಿನ ಸ್ಟೋರ್‌ಕೀಪರ್. ಸಿಮೆಂಟು, ಪೈಪು, ಹಸಿರು ಕಾರ್ಪೆಟ್ಟು, ಫೈಬರಿನ ಕುರಿಗಳು, ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಯೋಜನೆ ನಮ್ಮ ಕಫೀಲನದು, ಅಂದರೆ ನಮ್ಮನ್ನು ವೀಸಾ ಕೊಟ್ಟು ತರಿಸಿದ ಧಣಿಯದು. ನಾವು ಅವನನ್ನು ಮುದೀರ್ ಎನ್ನುತ್ತಿದ್ದೆವು. ಜನ ಟಿಕೆಟು ಕೊಂಡು ಬ್ಯಾಟರಿ ಗಾಡಿಯಲ್ಲಿ ಕೂರಬೇಕು. ನಲವತ್ತು ನಿಮಿಷದಲ್ಲಿ ಎರಡು ಹಳೆಯ ಪೇಟೆ, ಎರಡು ಪಾಳುಕೋಟೆ, ಒಂದು ಪಾಳುಮಠ ನೋಡಿ ಹೊರಗೆ ಬರಬೇಕು. ಕಾಲುಗಂಟೆಗೊಮ್ಮೆ ಗೋಡೌನಿನ ಮಾಡಿಗೆ ಕಟ್ಟಿದ ಪೈಪಿನಿಂದ ಮಳೆ. ಛತ್ರಿ ಬಾಡಿಗೆಗೆ ಬೇರೆ.

ಮುದೀರ್ ಮಾತ್ರ ನಿಜವಾದ ಐರ್ಲೆಂಡಿನಲ್ಲಿದ್ದ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಒಂದು ತಿಂಗಳ ಪ್ರವಾಸಕ್ಕೆ ಹೋಗಿದ್ದ. ಹಗಲು ಒಂದು ಕೋಟೆ ನೋಡುವುದು, ಸಂಜೆ ಅದರ ವಿಡಿಯೋ ಮ್ಯಾನೇಜರಿಗೆ ಕಳಿಸುವುದು: "ಇದು ಬೇಕು." ಮರುದಿನ ಬೆಳಿಗ್ಗೆ ನಾವು ಅದನ್ನು ಕಟ್ಟಲು ಶುರು ಮಾಡುವುದು. ಅವನು ಟ್ರಿಮ್ ಎಂಬ ಊರಿನ ಕೋಟೆ ನೋಡಿದರೆ ನಮಗೆ ಕೋಟೆಯ ಕೆಲಸ, ಕಿಲ್ಕೆನಿಯ ಇಕ್ಕಟ್ಟಾದ ಗಲ್ಲಿಗಳಲ್ಲಿ ನಡೆದರೆ ನಮಗೆ ಗಲ್ಲಿಯ ಕೆಲಸ. ಒಂದು ದಿನ ಅವನ ಮಗಳಿಗೆ ಜ್ವರ ಬಂದು ಅವರೆಲ್ಲ ಹೋಟೆಲಿನಲ್ಲೇ ಉಳಿದರು. ಆವತ್ತು ನಮಗೂ ಸ್ವಲ್ಪ ಆರಾಮಾಯಿತು. ಆ ಮಗುವಿನ ಜ್ವರ ಬೇಗ ಇಳಿಯದಿರಲಿ ಎಂದು ಆಶಿಸಿದವರಲ್ಲಿ ನಾನೂ ಒಬ್ಬ. ಈಗ ಸುಳ್ಳು ಹೇಳಿ ಏನು ಪ್ರಯೋಜನ?

ಕಟ್ಟುವವರ ತಲೆಯಾಳು ವಿಟ್ಲದ ಮೊಯ್ದೀನ್ ಕುಂಞಿ ಮೇಸ್ತ್ರಿ. ವಯಸ್ಸು ಐವತ್ತೆರಡು, ಅದರಲ್ಲಿ ಇಪ್ಪತ್ತೆರಡು ಕುವೈತಿನದು. ಈ ಕತೆಯಲ್ಲಿ ಏನಾದರೂ ಕಳಕೊಳ್ಳುವಂಥದ್ದು ಇದ್ದದ್ದು ಅವರಿಗೆ. ತಿಂಗಳ ಕೊನೆಯ ಶುಕ್ರವಾರ ಜುಮಾ ನಮಾಜು ಆದ ಮೇಲೆ ಅವರ ಕಿರಿಮಗಳು ಮುರ್ಶಿದಾಳ ನಿಕಾಹ್. ಗುರುವಾರ ಮಧ್ಯಾಹ್ನ ಮೂರೂವರೆಯ ಮಂಗಳೂರು ವಿಮಾನಕ್ಕೆ ಟಿಕೆಟೂ ಆಗಿತ್ತು. ಆದರೆ ಈಗ ರಜೆಗೆ ಊರಿಗೆ ಹೋಗಬೇಕಾದರೂ ಕಂಪೆನಿಯವರು ಫೋನಿನಲ್ಲಿ ಎಕ್ಸಿಟ್ ಪರ್ಮಿಟ್ಟಿಗೆ ಒಪ್ಪಿಗೆ ಒತ್ತಬೇಕು. ಒತ್ತುವ ಬೆರಳು ಐರ್ಲೆಂಡಿನಲ್ಲಿತ್ತು.

"ಪರ್ಮಿಟ್ಟಿನ ತಲೆಬಿಸಿ ಬೇಡ ಮೇಸ್ತ್ರಿ," ಎಂದಿದ್ದ ನಮ್ಮ ಮ್ಯಾನೇಜರ್ ಬೊನವೆಂಚರ್. "ಕೆಲಸ ಖಲಾಸ್ ಆದ ದಿನ ಮುದೀರ್ ಒತ್ತಿಬಿಡ್ತಾರೆ."

ಬೊನವೆಂಚರ್ ನಮ್ಮ ಊರಿನ ಕಡೆಯವನೇ. ಇಲ್ಲಿ ರಜೆ ಶುಕ್ರವಾರ; ಆವತ್ತಿನ ಇಗರ್ಜಿಯ ಪೂಜೆಯಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಮೊಣಕಾಲೂರುವವನು. ನನ್ನೊಡನೆ ಕೊಂಕಣಿ, ಮೇಸ್ತ್ರಿಯೊಡನೆ ಕನ್ನಡ, ಮುದೀರನೊಡನೆ ಬರೀ "ಯೆಸ್ ಸರ್".

ಮೇಸ್ತ್ರಿಗೆ ತಲೆಬಿಸಿಯಾಗಲು ಕಾರಣ ಇತ್ತು. ನಾಲ್ಕು ವರ್ಷದ ಹಿಂದೆ ದೊಡ್ಡ ಮಗಳು ಶಹನಾಳ ನಿಕಾಹ್ ಆಗುವಾಗ ಅವರು ಇಲ್ಲೇ ಶುವೈಖಿನ ಒಂದು ಗೋಡೌನಿನ ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದರು. ನಿಕಾಹ್‌ನಲ್ಲಿ ಹೆಣ್ಣಿನ ತಂದೆ ಮದುಮಗನ ಕೈ ಹಿಡಿದು, ಮಗಳನ್ನು ನಿನಗೆ ಕೊಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಆವತ್ತು ಅವರ ತಮ್ಮ ಹಿಡಿದ, ತಮ್ಮ ಹೇಳಿದ. ಮೇಸ್ತ್ರಿ ಸಿಮೆಂಟು ಮೆತ್ತಿದ ಕೈಯಲ್ಲಿ ಫೋನು ಹಿಡಿದು ನೋಡುತ್ತಿದ್ದರು. ಮದುಮಗ "ಒಪ್ಪಿದೆ" ಎನ್ನಲು ಬಾಯಿ ತೆರೆದದ್ದೇ ನೆಟ್ ನಿಂತು ಪರದೆಯ ಮೇಲೆ ಒಂದು ಬಿಳಿ ಚಕ್ರ ತಿರುಗತೊಡಗಿತು.

"ನನ್ನ ಅಳಿಯ ಒಪ್ಪಿದ್ದಾನಾ ಇಲ್ಲವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಕ್ಲೆಮೆಂಟ್," ಎಂದು ಅವರು ತಮಾಷೆ ಮಾಡುವುದುಂಟು. "ಎರಡು ಮಕ್ಕಳಾಗಿವೆ. ಹಾಗಾಗಿ ಒಪ್ಪಿರಬೇಕು."

ಇನ್ನೊಬ್ಬ ಮಗಳು ಇಲ್ಲ. ಇದೇ ಕೊನೆಯದು.

ಮೊದಲ ಆದೇಶ ಕೋಟೆಯದು. "ಟ್ರಿಮ್ಮಿನ ಈ ಕೋಟೆ, ಖಲಾಸ್ ಆದ ಕೋಟೆ, ಒಂದು ವಾರದಲ್ಲಿ" ಎಂದು ಬೊನವೆಂಚರ್ ಫೋನಿನಲ್ಲಿ ಹೇಳಿದ. ಗಲ್ಫಿನಲ್ಲಿ ಖಲಾಸ್ ಎಂದರೆ ಕೆಲಸ ಪೂರ್ತಿಯಾಯಿತು ಎಂದು. ಮೇಸ್ತ್ರಿ ಹದಿನಾಲ್ಕು ಜನರನ್ನು ಹಚ್ಚಿ ಆರು ದಿನದಲ್ಲಿ ಎಬ್ಬಿಸಿ ನಿಲ್ಲಿಸಿದರು. ತೂಗುಗುಂಡು ಬಿಟ್ಟು ನೋಡಿದರೆ ಕೂದಲೆಳೆಯಷ್ಟೂ ಓರೆ ಇಲ್ಲ. ಮೂಲೆಗಳು ಚಾಕುವಿನ ಹಾಗೆ. ಸಾರಣೆಯಲ್ಲಿ ಮುಖ ಕಾಣಬೇಕು, ಅಷ್ಟು ನುಣುಪು. ಫೋಟೋ ಹೋಯಿತು. ಹತ್ತು ನಿಮಿಷದಲ್ಲಿ ಮುದೀರನ ದನಿ ಬಂತು. ಬೊನವೆಂಚರ್ ಓಡಿಕೊಂಡು ಬಂದ.

"ಮೇಸ್ತ್ರಿ, ಏನು ಮಾಡಿದ್ದು ಇದು? ಸಾಲ್ಮಿಯಾದ ಹೊಸ ಫ್ಲ್ಯಾಟಿನ ಹಾಗೆ ಉಂಟು ಅಂತ ಅವರು ಬೊಬ್ಬೆ ಹೊಡೀತಿದ್ದಾರೆ!"

"ಖಲಾಸ್ ಅಂತ ಹೇಳಿದ್ದಲ್ಲವಾ ಸಾರ್?"

"ಖಲಾಸ್ ಅಂದರೆ ಮುಗಿಸಿದ್ದಲ್ಲ ಮಾರಾಯ್ರೆ, ಮುಗಿದುಹೋದದ್ದು! ಎಂಟು ನೂರು ವರ್ಷದ ಹಿಂದಿನದು. ಬಿದ್ದುಹೋದದ್ದು. ಅದನ್ನು ಕಟ್ಟಬೇಕು."

"ಬಿದ್ದುಹೋದದ್ದನ್ನು ಕಟ್ಟುವುದು ಯಾಕೆ? ಕಟ್ಟದೆ ಬಿಟ್ಟರೆ ಸಾಕಲ್ಲ?"

ಬೊನವೆಂಚರ್ ಒಡೆಯಿರಿ ಎಂದ.

ಒಡೆಯಲು ಹೇಳಬೇಕಾ? ಸುತ್ತಿಗೆ, ಹಾರೆ ಕೊಟ್ಟವನು ನಾನೇ. ನಮ್ಮವರು ಆ ಗೋಡೆಯ ಮೇಲೆ ಬಿದ್ದ ರೀತಿ ನೋಡಿ ನನಗೆ ಹೆದರಿಕೆಯಾಯಿತು. ಕಂಪೆನಿಯ ಕೆಲಸದಲ್ಲಿ ಅಷ್ಟು ಖುಷಿಪಟ್ಟದ್ದನ್ನು ನಾನು ಮೊದಲು ಕಂಡಿರಲಿಲ್ಲ. ಒಬ್ಬೊಬ್ಬ ಒಂದೊಂದು ಹೆಸರು ಹೇಳಿ ಹೊಡೆಯುತ್ತಿದ್ದ. ಆ ಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಸಂಜೆ ಪುನಃ ಫೋಟೋ ಹೋಯಿತು. ಈ ಸಲ ಮುದೀರನ ದನಿ ಮೆತ್ತಗಿತ್ತು. ಬೊನವೆಂಚರ್ ಅದನ್ನು ಕನ್ನಡ ಮಾಡಿ ಹೇಳಿದ:

"ಇದು ಕುವೈತಿನ ಯುದ್ಧದ ತೊಂಬತ್ತನೇ ಇಸವಿಯ ಹಾಗೆ ಕಾಣ್ತದಂತೆ. ಆಗ ಅವರಿಗೆ ಹನ್ನೆರಡು ವರ್ಷ. ಅಂಥದ್ದನ್ನು ನೋಡಿದ್ದು ಸಾಕಂತೆ. ಕಾಲ ಕೆಡವಿದ ಹಾಗೆ ಇರಬೇಕಂತೆ, ಮನುಷ್ಯರು ಕೆಡವಿದ ಹಾಗೆ ಅಲ್ಲ."

ಮೇಸ್ತ್ರಿ ಕರಣೆಯನ್ನು ಬಕೆಟಿನ ಅಂಚಿಗೆ ಕುಟ್ಟಿ ಸಿಮೆಂಟು ಉದುರಿಸಿದರು. "ಆಯ್ತು. ಆದರೆ ಒಂದು ಕೇಳಿ ಹೇಳಿ ಸಾರ್. ಕಾಲವನ್ನು ಒಂದು ಮೂಟೆ ಸಿಮೆಂಟಿಗೆ ಎಷ್ಟು ಬಕೆಟು ಹಾಕುವುದು?"

ತಮಾಷೆಗೆ ಕೇಳಿದರೂ ಎರಡು ದಿನ ಅದನ್ನೇ ಯೋಚಿಸಿದರು. ಕೊನೆಗೆ ದಾರಿ ಸಿಕ್ಕಿತು. ಒಳಗೊಂದು ಗೋಡೆ, ಕಬ್ಬಿಣ ಹಾಕಿ, ಗುಂಡು ಬಿಟ್ಟು, ನೆಟ್ಟಗೆ. ಅದರ ಹೊರಗೆ ಇನ್ನೊಂದು ಸುಳ್ಳು ಚರ್ಮ: ಥರ್ಮೋಕೋಲು, ಬ್ಲಾಕು, ಬಣ್ಣ, ಇನ್ನೇನು ಕುಸಿಯಿತು ಎನ್ನುವ ಹಾಗೆ. "ಒಳಗೆ ಸರಿ ಇದ್ದು ಹೊರಗೆ ಸತ್ತವರ ಹಾಗೆ ಕಾಣುವುದು ಹೇಗೆ ಅಂತ ನಮಗೆ ಗೊತ್ತಿಲ್ಲದಿದ್ದರೆ ಯಾರಿಗೆ ಗೊತ್ತು?" ಎಂದರು. ಪಾಚಿ ಹಿಡಿಯಬೇಕೆಂದು ಗೋಡೆಗೆ ಲಬನ್ ಬಳಿದೆವು. ಇಲ್ಲಿ ಮಜ್ಜಿಗೆಗೆ ಲಬನ್ ಎನ್ನುತ್ತಾರೆ. ಮೂವತ್ತು ಪೆಟ್ಟಿಗೆ ಲಬನ್ ಗೋಡೆ ಕುಡಿಯಿತು. ಅದೇ ವಾರ ನಾವು ಉಳಿಯುವ ಕ್ಯಾಂಪಿಗೆ ನೀರಿನ ಟ್ಯಾಂಕರ್ ಬಂದದ್ದು ಎರಡೇ ಸಲ. ಬ್ಯಾರಿ ಮುಸಲ್ಮಾನರು ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡಲು ನೀರಿಲ್ಲದೆ ನನ್ನ ಸ್ಟೋರಿನ ಮಿನರಲ್ ವಾಟರ್ ಬಾಟಲಿ ಕೇಳಿಕೊಂಡು ಬರುತ್ತಿದ್ದರು. ಗೋಡೆ ಮಾತ್ರ ಲಬನ್ ಕುಡಿದು ಹಸಿರಾಗುತ್ತಿತ್ತು.

ಈ ಸಲ ಮುದೀರ್ ಒಪ್ಪಿದ. "ಆದರೆ ಕಾಗೆ ಇಲ್ಲ" ಎಂದ. ಅಲ್ಲಿಯ ಪಾಳುಕೋಟೆಗಳಲ್ಲಿ ಕಾಗೆಗಳು ಕೂಗುತ್ತವಂತೆ. ನಮ್ಮ ಎಲೆಕ್ಟ್ರಿಷಿಯನ್ ಫೈಝಲ್ ಪಾಣೆಮಂಗಳೂರಿನವನು. ಹೊಳೆಬದಿಯಲ್ಲಿ ಮೀನಿನ ಬುಟ್ಟಿ ಇಳಿಸುವಾಗ ಸೇರುವ ಕಾಗೆಗಳ ಹಾಗೆ ಎಂಟು ನಿಮಿಷ ಕೂಗಿ ರೆಕಾರ್ಡ್ ಮಾಡಿ ಸ್ಪೀಕರಿಗೆ ಹಾಕಿದ. ಐರ್ಲೆಂಡಿನ ಕೋಟೆಯ ಮೇಲೆ ಪಾಣೆಮಂಗಳೂರಿನ ಕಾಗೆಗಳು ಹಗಲಿಡೀ ಮೀನು ಕೇಳತೊಡಗಿದವು.

ಎರಡು ಕೋಟೆ, ಎರಡು ಪೇಟೆ ಮುಗಿಯಿತು. ಗುರುವಾರಕ್ಕೆ ಇನ್ನು ಹನ್ನೊಂದು ದಿನ. ಮೇಸ್ತ್ರಿ ಪರ್ಮಿಟ್ ಕೇಳಿದರು. ಇನ್ನೊಂದೇ ಒಂದು ಬಾಕಿ ಎಂದ ಬೊನವೆಂಚರ್. ಅವನು ಜಾಬ್ರಿಯಾದ ಕ್ಲಿನಿಕ್ಕಿನ ಎದುರು ಕಾರಿನಲ್ಲಿ ಕೂತು, ನರ್ಸ್ ಕೆಲಸದ ಹೆಂಡತಿ ಡೊರೊತಿ ಹೊರಗೆ ಬರುವುದನ್ನು ಕಾಯುತ್ತಾ ಫೋನು ಮಾಡಿದ್ದ. ಸ್ಪೀಕರಿನಲ್ಲಿ ನಾವೆಲ್ಲ ಕೇಳಿದೆವು.

"ಮೇಸ್ತ್ರಿ, ಎರಡು ಕೋಟೆಯ ನಡುವೆ ಒಂದು ಅಬ್ಬಿ ಬೇಕಂತೆ. ಹಳೆಯ ಅಬ್ಬಿ, ದೊಡ್ಡದು. ನಾಳೆಯೇ ಶುರು ಮಾಡಿ. ವಿಡಿಯೋ ಆಮೇಲೆ ಕಳಿಸ್ತೇನೆ." ಡೊರೊತಿ ಬಂದಿರಬೇಕು, ಫೋನು ಇಟ್ಟ. ವಿಡಿಯೋ ಕಳಿಸಲು ಮರೆತ.

"ಐರ್ಲೆಂಡಿನಲ್ಲೂ ಅಬ್ಬಿ ಉಂಟಾ?" ಎಂದ ಪ್ಲಂಬರ್ ಸಿರಾಜುದ್ದೀನ್. ಅವನು ಸುಳ್ಯದವನು. ಅವನ ಮನೆಯ ಹಿಂದೆ ಗುಡ್ಡದಿಂದ ನೀರು ಧುಮುಕುವ ಒಂದು ಅಬ್ಬಿ ಇದೆಯಂತೆ.

"ಇಷ್ಟು ಮಳೆ ಬರುವ ಊರಲ್ಲಿ ಅಬ್ಬಿ ಇರದೆ ಇರ್ತದಾ?" ಎಂದರು ಮೇಸ್ತ್ರಿ.

ನನಗೂ ಅನುಮಾನ ಬರಲಿಲ್ಲ. ಪಂಪು ಕೊಟ್ಟೆ, ನಾಲ್ಕಿಂಚಿನ ಪೈಪು ಕೊಟ್ಟೆ. ಸಿರಾಜುದ್ದೀನ್ ಜೀವ ಬಿಟ್ಟು ದುಡಿದ. ಕಂಪೆನಿಗೆ ಬೇಕಾದ್ದೂ ಅವನಿಗೆ ಬೇಕಾದ್ದೂ ಒಂದೇ ಆದದ್ದು ಅದೊಂದೇ ಸಲ. ಮೂರನೆಯ ದಿನ ಇಪ್ಪತ್ತೆರಡು ಅಡಿ ಎತ್ತರದ ಬಂಡೆಯಿಂದ ನೀರು ಧೋ ಎಂದು ಧುಮುಕಿತು. ಅವನು ಒಂದು ಬೊಗಸೆ ನೀರು ಹಿಡಿದು ಮುಖಕ್ಕೆ ಎರಚಿಕೊಂಡ.

ಬೊನವೆಂಚರ್ ಬಂದ. ಕನ್ನಡಕ ಒರೆಸಿಕೊಂಡು ನೋಡಿದ.

"ಇದೆಂತ?"

"ಅಬ್ಬಿ ಸಾರ್."

"ಅಬ್ಬಿ ಅಲ್ಲ ಮಾರಾಯ್ರೆ! ಆ-ಬೀ! ಇಂಗ್ಲಿಷಿನ ಆಬೀ! ಸನ್ಯಾಸಿಗಳು ಇರ್ತಾರಲ್ಲ, ಆ ಮಠ!"

"ಮಠ ಅಂತ ಹೇಳಬಹುದಿತ್ತಲ್ಲ ಸಾರ್," ಎಂದರು ಮೇಸ್ತ್ರಿ ಬಹಳ ಮರ್ಯಾದೆಯಿಂದ. "ನೀವು ಮಾತಾಡಿದ್ದು ಕನ್ನಡದಲ್ಲಿ."

"ಕ್ಲೆಮೆಂಟ್, ನಿನಗಾದರೂ ಗೊತ್ತಾಗಬೇಕಿತ್ತು. ನೀನು ಕ್ರಿಸ್ತಾಂವ್ ಅಲ್ಲವಾ?"

"ನಮ್ಮಲ್ಲಿ ಅದಕ್ಕೆ ಕೊವೆಂತ್ ಅಂತ ಹೇಳುವುದು ಸರ್," ಎಂದೆ. "ಇಂಗ್ಲಿಷಿನ ದೇವರು ನನಗೆ ಪರಿಚಯ ಇಲ್ಲ."

ಕೆಡವಲು ಸಮಯ ಇರಲಿಲ್ಲ. ಅಬ್ಬಿಯ ಸುತ್ತ ಮಠ ಕಟ್ಟಿದೆವು. ಕಮಾನು, ಮುರಿದ ಕಿಟಕಿ, ಮಾಡಿಲ್ಲದ ಪ್ರಾರ್ಥನಾಮಂದಿರ, ಅದರ ನಡುವೆ ಜಲಪಾತ. ಜೆರ್‌ಪಾಯಿಂಟ್ ಎಂಬಲ್ಲಿಯ ಮಠದ ಕಂಬಗಳ ಮೇಲೆ ಹೊಟ್ಟೆ ಹಿಡಿದುಕೊಂಡ ಒಬ್ಬ ಮನುಷ್ಯನ ಕೆತ್ತನೆ ಕಂಡು ಮುದೀರನ ಮಗ ನಕ್ಕನಂತೆ. ಅದೂ ಬೇಕೆಂದು ಆದೇಶ ಬಂತು. ಮೇಸ್ತ್ರಿ ಕೆತ್ತಿದ ಮುಖಕ್ಕೆ ಬೊನವೆಂಚರನ ಕನ್ನಡಕ ಒಂದು ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಬೊನವೆಂಚರನಿಗೆ ಗೊತ್ತಾಗಲಿಲ್ಲ. "ಪಾಪ, ತುಂಬ ನೋವಿನಲ್ಲಿದ್ದಾನೆ" ಎಂದ.

ಮಠದೊಳಗೆ ಜಲಪಾತ ಯಾಕೆ ಎಂದು ಮುದೀರ್ ಕೇಳಿದಾಗ ಬೊನವೆಂಚರ್ "ಪವಿತ್ರ ಜಲ ಸರ್" ಎಂದು ಉತ್ತರಿಸಿ ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡ.

ಆ ಪವಿತ್ರ ಜಲ ಟ್ಯಾಂಕರಿನ ಸಿಹಿನೀರು. ದಿನಕ್ಕೆ ಮೂರು ಟ್ಯಾಂಕರ್. ಕ್ಯಾಂಪಿನ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿದ್ದಾಗ ನಮ್ಮವರು ಇನ್ನೇನು ಮಾಡಬೇಕು? ಕೆಲಸ ಮುಗಿದ ಮೇಲೆ ಸಾಬೂನು, ಲುಂಗಿ ತೆಗೆದುಕೊಂಡು ಸಾಲಾಗಿ ಮಠಕ್ಕೆ ಬಂದರು. ಹದಿನಾರು ಡಿಗ್ರಿ ಚಳಿಯಲ್ಲಿ, ಹಲ್ಲು ಕಟಕಟಿಸುತ್ತ, ಯಾ ಅಲ್ಲಾ ಯಾ ಅಲ್ಲಾ ಎನ್ನುತ್ತ ಅಬ್ಬಿಯ ಕೆಳಗೆ ಮಿಂದರು. ಮಿಂದವರು ಕಂದು ಬಣ್ಣದ ಕ್ಯಾಂಪಿನ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಮುರಿದ ಕಮಾನಿನ ಕೆಳಗೆ ನಡುಗುತ್ತ ಕೂತರು. ಬೊನವೆಂಚರ್ ಹಿಂದಿನಿಂದ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಬೈಯುತ್ತಾನೆ ಎಂದುಕೊಂಡೆವು. ಅವನು ಫೋನು ತೆಗೆದು ಫೋಟೋ ಹೊಡೆದ.

"ಏಳಬೇಡಿ, ಏಳಬೇಡಿ! ಸನ್ಯಾಸಿಗಳ ಹಾಗೆಯೇ ಕಾಣ್ತದೆ. ಉದ್ಘಾಟನೆಗೆ ಹೀಗೇ ಕೂತುಕೊಳ್ಳಿ."

"ಸಾರ್, ನಾವು ಬ್ಯಾರಿಗಳು," ಎಂದ ಫೈಝಲ್ ಕಂಬಳಿಯೊಳಗಿಂದ. "ನಾನು ಸನ್ಯಾಸಿಯಾದದ್ದು ಗೊತ್ತಾದರೆ ಹೆಂಡತಿ ಅವಳ ತಾಯಿಮನೆಗೆ ಹೋದಾಳು."

"ಆಗುವುದೆಂತದು ಇನ್ನು?" ಎಂದರು ಮೇಸ್ತ್ರಿ. "ಹೆಂಡತಿ ಹತ್ತಿರ ಇಲ್ಲ. ಒಂದು ಕೋಣೆಯಲ್ಲಿ ಹದಿನಾಲ್ಕು ಗಂಡಸರು. ಬೆಲ್ಲಿಗೆ ಏಳುವುದು, ಬೆಲ್ಲಿಗೆ ಮಲಗುವುದು. ನಾವು ಬಂದ ದಿನವೇ ಸನ್ಯಾಸ ತಗೊಂಡಾಗಿದೆ ಮಾರಾಯ. ಕಂಬಳಿ ಒಂದೇ ಬಾಕಿ ಇದ್ದದ್ದು."

ಎಲ್ಲರೂ ನಕ್ಕರು. ಬೊನವೆಂಚರ್ ಸಹ ನಕ್ಕ. ಅವನು ಯಾಕೆ ನಕ್ಕ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬುಧವಾರ ಬಂತು. ಪರ್ಮಿಟ್ ಬರಲಿಲ್ಲ. ಕ್ಯಾಶೆಲಿನ ಬಂಡೆ ನೋಡಿದ್ದೇವೆ, ಅಲ್ಲಿಯ ಉರುಟು ಗೋಪುರವೂ ಬೇಕು ಎಂದು ಹೊಸ ವಿಡಿಯೋ ಬಂತು. ಮೇಸ್ತ್ರಿಯ ಹೆಂಡತಿ ಪಾತುಂಞಿ ವಿಟ್ಲದಿಂದ ಕರೆ ಮಾಡಿದ್ದು ನನ್ನ ಸ್ಟೋರಿನೊಳಗಿನವರೆಗೂ ಕೇಳಿಸುತ್ತಿತ್ತು.

"ನಾಳೆ ಬರ್ತೀರಾ ಇಲ್ಲವಾ, ಒಂದು ಮಾತು ಹೇಳಿ. ಇಲ್ಲಿ ಬಿರಿಯಾನಿಯವನಿಗೆ ಹೇಳಿಯಾಗಿದೆ."

"ಒಂದು ಗೋಪುರ ಬಾಕಿ ಉಂಟಂತೆ."

"ನಿಮ್ಮ ಐರ್ಲೆಂಡಿಗೆ ಬೆಂಕಿ ಬೀಳ! ಶಹನಾಳ ಸಲವೂ ಒಂದು ನೆಲ ಬಾಕಿ ಇತ್ತು. ಮುರ್ಶಿದಾ ಕೇಳ್ತಿದ್ದಾಳೆ, ಬಾಪ ಬರುವುದಿಲ್ಲವಾದರೆ ಚಿಕ್ಕಪ್ಪನಿಗೆ ಹೊಸ ಅಂಗಿ ಹೊಲಿಸಬೇಕಾ ಅಂತ."

ಮೇಸ್ತ್ರಿ ಫೋನು ಕಿಸೆಗೆ ಹಾಕಿ ನನ್ನ ಹತ್ತಿರ ಬಂದು, "ನಾಳೆ ಹನ್ನೆರಡಕ್ಕೆ ಒಂದು ಟ್ಯಾಕ್ಸಿ ಹೇಳಿಡು ಕ್ಲೆಮೆಂಟ್" ಎಂದರು.

"ಪರ್ಮಿಟ್ ಸಿಕ್ಕಿತಾ ಕಾಕ?"

"ಇಲ್ಲ. ನೀನು ಟ್ಯಾಕ್ಸಿಗೆ ಹೇಳು."

ಗುರುವಾರ ಹತ್ತೂವರೆಗೆ ಲೈಸೆನ್ಸಿನ ಇನ್ಸ್‌ಪೆಕ್ಟರ್ ಬಂದ. ಭಾನುವಾರ ಉದ್ಘಾಟನೆ, ಶುಕ್ರ ಶನಿ ಕಚೇರಿಗೆ ರಜೆ. ಆವತ್ತೇ ಕಾಗದ ಆಗದಿದ್ದರೆ ಶಟರ್ ಎತ್ತುವ ಹಾಗಿರಲಿಲ್ಲ. ಗೋಡೌನಿಗೆ ಬರುವ ದಾರಿಯಲ್ಲಿ ನಮ್ಮ ಕ್ಯಾಂಪಿನ ಗೋಡೆ ಇದೆ. ಅದರಲ್ಲಿ ನೆಲದಿಂದ ಮಾಡಿನವರೆಗೆ ಒಂದು ಬಿರುಕು. ಫೈಝಲನ ಕೈ ಮೊಣಕೈಯವರೆಗೆ ಒಳಗೆ ಹೋಗುತ್ತದೆ. ಇನ್ಸ್‌ಪೆಕ್ಟರ್ ನಿಂತ.

"ಇದು ಬೀಳುತ್ತದೆ. ಇದು ಯಾವ ಕೋಟೆ?"

"ಇದು ಕೋಟೆಯಲ್ಲ ಸರ್, ಕೆಲಸದವರ ಕ್ಯಾಂಪು," ಎಂದ ಬೊನವೆಂಚರ್.

"ಹಾಗಾದರೆ ನನ್ನ ಫೈಲಿನಲ್ಲಿ ಇಲ್ಲ," ಎಂದು ಇನ್ಸ್‌ಪೆಕ್ಟರ್ ಮುಂದೆ ನಡೆದ.

ಒಳಗೆ ಮೇಸ್ತ್ರಿಯ ಮಠದ ಗೋಡೆಯೆದುರು ಪುನಃ ನಿಂತ. ಆ ಗೋಡೆ ಮುಂದಕ್ಕೆ ಬಾಗಿ, ಅರ್ಧ ಕುಸಿದು, ಇನ್ನರ್ಧ ಯಾವಾಗ ಎಂದು ಕಾಯುತ್ತಿರುವ ಹಾಗೆ ಇತ್ತು.

"ಇದೂ ಬೀಳುತ್ತದೆ."

"ಬಿದ್ದೇ ಇರುವುದು ಸರ್. ಅದೇ ಶೋ."

"ಬಿದ್ದಿದ್ದರೆ ಲೈಸೆನ್ಸ್ ಇಲ್ಲ. ಬೀಳುವುದಿಲ್ಲವಾದರೆ ಕಟ್ಟಿದವನು ಹಾಗೆಂದು ಬರೆದು ಸಹಿ ಹಾಕಬೇಕು." ಅವನು ನಾಲ್ಕು ಫಾರಂ ತೆಗೆದ. ಗೋಡೆಗೊಂದು, ನೀರಿಗೊಂದು, ಕರೆಂಟಿಗೊಂದು, ಬೆಂಕಿ ಹತ್ತುವ ಸಾಮಾನಿನ ಸ್ಟೋರಿಗೊಂದು. "ಮ್ಯಾನೇಜರ್ ಸಹಿ ನಡೆಯುವುದಿಲ್ಲ. ಕೈಯಿಂದ ಕೆಲಸ ಮಾಡಿದವನೇ ಬೇಕು. ಯಲ್ಲಾ, ಬೇಗ, ಒಂದು ಗಂಟೆಗೆ ನಾನು ಹೊರಟೆ."

ಬೊನವೆಂಚರ್ ಗೋಡೆಯ ಫಾರಂ ತಂದು ಮೇಸ್ತ್ರಿಯ ಎದುರು ಹಿಡಿದ. "ಇಲ್ಲಿ ಒಂದು ಸಹಿ ಹಾಕಿ ಮೇಸ್ತ್ರಿ. ಏನಿಲ್ಲ, ಒಂದು ಫಾರ್ಮಾಲಿಟಿ."

ಮೇಸ್ತ್ರಿ ಓದಿದರು. ಅವರಿಗೆ ಅರಬಿ ಓದಲು ಬರುತ್ತದೆ. ನಿಧಾನ ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು.

"ಗೋಡೆ ಬೀಳುವುದಿಲ್ಲ. ನೂರು ವರ್ಷ ಬೀಳುವುದಿಲ್ಲ. ನಾಳೆ ನಿಕಾಹ್ ಆದ ಮೇಲೆ ವಿಟ್ಲದಲ್ಲಿ ಆರಾಮವಾಗಿ ಕೂತು ಸಹಿ ಹಾಕ್ತೇನೆ. ವಾಪಸ್ ಬರುವಾಗ ತರ್ತೇನೆ."

"ನಾಳೆ ಆಗ್ಲಿಕ್ಕಿಲ್ಲ ಮೇಸ್ತ್ರಿ, ಈಗ ಬೇಕು!"

"ನನಗೂ ಈಗ ಬೇಕು ಸಾರ್."

"ಬ್ಲ್ಯಾಕ್‌ಮೇಲ್ ಮಾಡ್ತೀರಾ? ಊರಿನವರು ಅಂತ ನಾನು ಎಷ್ಟು ಮಾಡಿದ್ದೇನೆ ನಿಮಗೆ!"

"ಅದನ್ನು ಕಂಬದ ಮೇಲೆ ಕೆತ್ತಿದ್ದೇನೆ ಸಾರ್, ಮರೆತಿಲ್ಲ," ಎಂದರು ಮೇಸ್ತ್ರಿ. ಫೈಝಲ್ ನಗು ತಡೆಯಲಾರದೆ ಕೆಮ್ಮಿದ. ಕಾಗೆಗಳ ಸ್ಪೀಕರ್ ಅವನ ಸಹಾಯಕ್ಕೆ ಬಂತು.

ಬೊನವೆಂಚರ್ ಮುದೀರನಿಗೆ ವಿಡಿಯೋ ಕರೆ ಮಾಡಿದ. ಪರದೆಯ ಮೇಲೆ ಮುದೀರ್ ಛತ್ರಿ ಹಿಡಿದು ನಿಂತಿದ್ದ. ಹಿಂದೆ ನಿಜವಾದ ಒಂದು ಪಾಳುಮಠ, ನಿಜವಾದ ಮಳೆ. ಬೂದು ಕಲ್ಲಿನ ಗೋಡೆಗೆ ಕಬ್ಬಿಣದ ಅಟ್ಟಣಿಗೆ ಕಟ್ಟಿದ್ದರು. ಅದರ ಮೇಲೆ ಹಳದಿ ಕೋಟಿನ ಇಬ್ಬರು ಕರಣೆ ಹಿಡಿದು ಕಲ್ಲಿನ ಸಂದಿಗೆ ಗಾರೆ ತುಂಬುತ್ತಿದ್ದರು. ಮುದೀರನ ಬೈಗುಳ ಶುರುವಾಗುವ ಮೊದಲೇ ಮೇಸ್ತ್ರಿ ತಮ್ಮ ಗಲ್ಫ್ ಅರಬಿಯಲ್ಲಿ ಕೇಳಿದರು:

"ಅವರು ಏನು ಮಾಡುತ್ತಿದ್ದಾರೆ ಮುದೀರ್?"

ಮುದೀರ್ ತಿರುಗಿ ನೋಡಿದ. "ರಿಪೇರಿ. ಇದಕ್ಕಿಂತ ಹೆಚ್ಚು ಬೀಳಬಾರದಲ್ಲ."

"ಬಿದ್ದ ಗೋಡೆಯನ್ನೂ ನೋಡಿಕೊಳ್ಳುವವರು ಇದ್ದಾರೆ," ಎಂದು ಮೇಸ್ತ್ರಿ ನಮ್ಮ ಕಡೆ ನೋಡಿ ಕನ್ನಡದಲ್ಲಿ ಹೇಳಿದರು. ಆಮೇಲೆ ಅರಬಿಯಲ್ಲಿ ತಮ್ಮ ವಿಷಯ ಹೇಳಿದರು. ಮಗಳು, ನಾಳೆ, ವಿಮಾನ, ಪರ್ಮಿಟ್.

ಮುದೀರ್ ಸಮಾಧಾನದಲ್ಲೇ ಮಾತಾಡಿದ. ಅವನು ಕೆಟ್ಟ ಮನುಷ್ಯನೇನಲ್ಲ. ಕೆಟ್ಟವನಾಗಿದ್ದರೆ ನಮಗೆ ಸುಲಭವಿತ್ತು. "ಮೊಯ್ದೀನ್, ನೀನೂ ಮುಸಲ್ಮಾನ, ನಾನೂ ಮುಸಲ್ಮಾನ. ತಂದೆಯೇ ಇರಬೇಕೆಂದಿಲ್ಲ. ತಮ್ಮನಿಗೆ ಅಧಿಕಾರ ಕೊಡು, ಅವನು ಕೈ ಹಿಡಿಯಲಿ. ನಿಕಾಹ್ ಆಗುತ್ತದೆ. ನೀನು ವಿಡಿಯೋದಲ್ಲಿ ನೋಡು. ಎಲ್ಲ ಕಾಣುತ್ತದೆ."

ಮೇಸ್ತ್ರಿ ಪರದೆಯನ್ನು ನೋಡುತ್ತಿದ್ದರು.

"ಐರ್ಲೆಂಡ್ ಕೂಡ ವಿಡಿಯೋದಲ್ಲಿ ಎಲ್ಲ ಕಾಣುತ್ತದೆ ಮುದೀರ್. ನಾನು ಅಲ್ಲಿಗೆ ಹೋಗದೆ, ನೀವು ಕಳಿಸಿದ್ದು ನೋಡಿಯೇ ಇಷ್ಟೆಲ್ಲ ಕಟ್ಟಿದೆ. ನೀವು ಯಾಕೆ ಹೋದದ್ದು?"

ಇನ್ಸ್‌ಪೆಕ್ಟರ್ ಫೈಲಿನಿಂದ ತಲೆ ಎತ್ತಿದ.

ಮುದೀರ್ ಬಾಯಿ ತೆರೆದ, ಮುಚ್ಚಿದ. ನೆಟ್ ನಿಂತಿರಲಿಲ್ಲ. ಮಳೆ ಬೀಳುವುದು ಕಾಣುತ್ತಲೇ ಇತ್ತು. ಅವನ ಹಿಂದೆ ಸಣ್ಣ ಮಗಳು ಒದ್ದೆ ಹುಲ್ಲಿನಲ್ಲಿ ಜಾರಿ ಬಿದ್ದು, ಬಿದ್ದಲ್ಲಿಯೇ ಕೂತು ಬಾಬಾ ಬಾಬಾ ಎಂದು ಕೂಗಿ ನಗುತ್ತಿದ್ದಳು. ಅವನು ಅತ್ತ ಹೋಗಿ ಒಂದು ಕೈಯಲ್ಲಿ ಅವಳನ್ನು ಎಬ್ಬಿಸಿದ. ಪರದೆಯಲ್ಲಿ ಸ್ವಲ್ಪ ಹೊತ್ತು ಹುಲ್ಲು ಮಾತ್ರ ಕಂಡಿತು. ನಮ್ಮ ಕಾರ್ಪೆಟ್ಟಿಗಿಂತ ಮಾಸಿದ ಹಸಿರು.

"ಎಷ್ಟು ದಿನ?" ಎಂಬ ದನಿ ಬಂತು.

"ಒಂದು ತಿಂಗಳು."

"ಹತ್ತು ದಿನ."

"ಕಾಂಟ್ರಾಕ್ಟಿನಲ್ಲಿ ಒಂದು ತಿಂಗಳು ಉಂಟು ಮುದೀರ್. ನಾಲ್ಕು ವರ್ಷದ ಬಾಕಿ ರಜೆ ನಾನು ಕೇಳುತ್ತಿಲ್ಲ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿ ಪೆನ್ನಿಗೆ ಕ್ಯಾಪ್ ಹಾಕಿದ. ಬೊನವೆಂಚರ್ ಕೈ ಮುಗಿದುಕೊಂಡಿದ್ದ. ಯಾರಿಗೆ ಎಂದು ಗೊತ್ತಾಗಲಿಲ್ಲ. ಮೇಸ್ತ್ರಿಯ ಫೋನು ಟಿಂಗ್ ಎಂದಿತು: ಪರ್ಮಿಟ್. ಅವರು ಕನ್ನಡಕ ಹಾಕಿಕೊಂಡು ಒಮ್ಮೆ ಓದಿದರು, ಫೈಝಲನಿಂದ ಇನ್ನೊಮ್ಮೆ ಓದಿಸಿದರು. ಒಂದು ತಿಂಗಳು. ಆಮೇಲೆ ಕಿಸೆಯಿಂದ ಫಾರಂ ತೆಗೆದು, ಮಡಿಕೆ ಬಿಡಿಸಿ, ತಮ್ಮ ಗೋಡೆಗೇ ಒತ್ತಿ ಹಿಡಿದು ಸಹಿ ಹಾಕಿದರು. ಹೊರಗಿನ ಥರ್ಮೋಕೋಲು ಸ್ವಲ್ಪ ತಗ್ಗಿತು. ಒಳಗಿನದು ಅಲುಗಲಿಲ್ಲ.

ಹನ್ನೆರಡೂ ಕಾಲು. ಬ್ಯಾಗು ನನ್ನ ಸ್ಟೋರಿನಲ್ಲಿ ಸಿಮೆಂಟು ಮೂಟೆಗಳ ಹಿಂದೆ ರೆಡಿ ಇತ್ತು. "ಸಲಾಂ, ಎಲ್ಲರಿಗೂ," ಎಂದರು. ಚಳಿಗೆ ಹೊದ್ದಿದ್ದ ಕಂಬಳಿ ತೆಗೆದು ಫೈಬರಿನ ಕುರಿಯ ಮೇಲೆ ಹಾಕಿ, ಬಗ್ಗಿ ಶಟರ್ ದಾಟಿದರು. ಹೊರಗಿನ ಬಿಸಿಗಾಳಿ ಒಮ್ಮೆ ಒಳಗೆ ಬಂದು ಹೋಯಿತು.

ಬೊನವೆಂಚರ್ ಮುಖ ಒರೆಸಿಕೊಂಡ. ಫೋನಿನಲ್ಲಿ ಮುದೀರ್ ಇನ್ನೂ ಇದ್ದ. ಮೂರು ಫಾರಂ ಉಳಿದಿದ್ದವು.

"ಬೇಗ ಬೇಗ. ನೀರಿನದು ಯಾರದ್ದು? ಸಿರಾಜುದ್ದೀನ್, ಬಾ."

ಸಿರಾಜುದ್ದೀನ್ ಬಂದ. ಲುಂಗಿಗೆ ಕೈ ಒರೆಸಿ ಫಾರಂ ತಗೊಂಡ. ಅವನಿಗೆ ಅರಬಿ ಓದಲು ಬರುವುದಿಲ್ಲ. ಆದರೂ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ನಿಧಾನವಾಗಿ ಓದಿದ. ಓದಿ ನಾಲ್ಕು ಮಡಿಕೆ ಮಾಡಿದ.

"ನಾನು ಊರಿಗೆ ಹೋಗದೆ ಮೂರು ವರ್ಷ ಆಯ್ತು ಸಾರ್," ಎಂದ.

ಫೈಝಲ್ ಕರೆಂಟಿನ ಫಾರಂ ತಾನೇ ಹೋಗಿ ತಗೊಂಡ, ಕಮಾನಿನ ಕೆಳಗೆ ಚಕ್ಕಳಮಕ್ಕಳ ಕೂತ. ಬೊನವೆಂಚರ್ ನನ್ನ ಕಡೆ ತಿರುಗಿದ. ಕೊಂಕಣಿಯಲ್ಲಿ, ಇಗರ್ಜಿಯ ಅಂಗಳದಲ್ಲಿ ಮಾತಾಡಿಸುವ ದನಿಯಲ್ಲಿ, "ಕ್ಲೆಮೆಂಟ್, ನೀನು ಹಾಗಲ್ಲ, ನನಗೆ ಗೊತ್ತು. ಹಾಕಿಬಿಡು" ಎಂದ.

ಎರಡು ವರ್ಷದಿಂದ ನಾನು ನನ್ನ ಹೆಂಡತಿ ಪ್ರೀಮಾಳಿಗೆ ಬರುವ ಕ್ರಿಸ್ಮಸ್ಸಿಗೆ ಬರ್ತೇನೆ ಎನ್ನುತ್ತಿದ್ದೇನೆ. ಸ್ಟೋರ್‌ಕೀಪರಿಗೆ ಪೆನ್ನು ಇಲ್ಲ ಎನ್ನುವ ಹಾಗಿಲ್ಲ. ಅದು ಕಿವಿಯ ಮೇಲೆಯೇ ಇರುತ್ತದೆ. ತೆಗೆದು ಕಿಸೆಗೆ ಹಾಕಿ, ಸ್ಟೋರಿನ ಫಾರಂ ನಾಲ್ಕು ಮಡಿಕೆ ಮಾಡಿದೆ. ಇನ್ಸ್‌ಪೆಕ್ಟರನಿಗೆ ಒಂದು ಫೈಬರಿನ ಬಂಡೆ ತೋರಿಸಿ, "ಕೂತುಕೊಳ್ಳಿ ಸರ್, ಸ್ವಲ್ಪ ಹೊತ್ತಾಗುತ್ತದೆ" ಎಂದೆ.